ಆರು ಬೀಗಗಳ ಭೂಗೋಳ ವಿಭಾಗ: ಸೇರುವ ಮುನ್ನ ಒಮ್ಮೆ ಓದಿ

ನಾನು ಓದಿದ ಭೂಗೋಳಶಾಸ್ತ್ರ ವಿಭಾಗದಲ್ಲಿ ಆರು ಬೀಗಗಳಿದ್ದವು. ನಕ್ಷೆ ಕೊಠಡಿಗೆ ಒಂದು, ಕಂಪ್ಯೂಟರ್ ಕೊಠಡಿಗೆ ಒಂದು, ಮೋಜಣಿ ಉಪಕರಣಗಳ ಬೀರುವಿಗೆ ಒಂದು, ಶಿಲೆಗಳ ಗಾಜಿನ ಕಪಾಟಿಗೆ ಒಂದು, ವಿಭಾಗದ ಪುಸ್ತಕ ಭಂಡಾರಕ್ಕೆ ಒಂದು, ತಾರಸಿಗೆ ಹೋಗುವ ಬಾಗಿಲಿಗೆ ಒಂದು. 2022ರಿಂದ 2024ರವರೆಗೆ ನಾನು ಅಲ್ಲಿ ಎಂ.ಎಸ್ಸಿ. ಓದಿದೆ. ಆ ಎರಡು ವರ್ಷಗಳಲ್ಲಿ ಏನು ಕಲಿತೆ, ಏನು ಕಲಿಯಲಿಲ್ಲ ಎಂದು ಯಾರಾದರೂ ಕೇಳಿದರೆ ಅಂಕಪಟ್ಟಿ ತೋರಿಸಬೇಕಾಗಿಲ್ಲ. ಯಾವ ಬೀಗ ಎಷ್ಟು ದಿನ ತೆರೆದಿತ್ತು ಎಂದು ಹೇಳಿದರೆ ಸಾಕು.

ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ನನಗೆ ಅಕ್ಕರೆಯಿಂದ ಕಲಿಸಿದವರು ಇನ್ನೂ ಅಲ್ಲಿದ್ದಾರೆ, ನನ್ನ ಊರಿನ ಇಬ್ಬರು ಹುಡುಗಿಯರು ಈಗ ಅಲ್ಲೇ ಓದುತ್ತಿದ್ದಾರೆ. ಅದೂ ಅಲ್ಲದೆ, ಬೇರೆ ಕಡೆ ಓದಿದ ಗೆಳೆಯರೊಡನೆ ಮಾತಾಡಿದಾಗ, ಬೀಗಗಳ ಸಂಖ್ಯೆ ಬೇರೆಯಾದರೂ ಕಥೆ ಅಷ್ಟೇನೂ ಬೇರೆಯಲ್ಲ ಎಂದು ಗೊತ್ತಾಯಿತು. ಈಗ ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿಗಳು ಬಂದು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಅಲ್ಲಿ ಲ್ಯಾಬ್ ಹೇಗಿದೆ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ನಕ್ಷೆ ಕೊಠಡಿ. ಅದೇ ಆ ವಿಭಾಗದ ಜೀವ. ಪ್ರವೇಶದ ದಿನ ಯಾರೂ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಹವಾನಿಯಂತ್ರಿತ ಕಂಪ್ಯೂಟರ್ ಕೊಠಡಿಗೆ ಕರೆದೊಯ್ಯುತ್ತಾರೆ. ನಕ್ಷೆ ಕೊಠಡಿ ಓಣಿಯ ತುದಿಯಲ್ಲಿದೆ. ಎರಡು ಕಿಟಕಿ, ಒಂದು ಫ್ಯಾನ್, ಗೋಡೆಯುದ್ದಕ್ಕೂ ಉಕ್ಕಿನ ಚಪ್ಪಟೆ ಡ್ರಾಯರುಗಳ ಕಪಾಟುಗಳು, ನಡುವೆ ನಾಲ್ಕು ಗಾಜಿನ ಟ್ರೇಸಿಂಗ್ ಮೇಜುಗಳು. ಮೇಜಿನ ಒಳಗೆ ಟ್ಯೂಬ್‌ಲೈಟ್ ಇರುತ್ತದೆ. ನಾಲ್ಕರಲ್ಲಿ ಎರಡು ಉರಿಯುತ್ತವೆ, ಮೂರನೆಯದು ತಟ್ಟಿದರೆ ಉರಿಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಹಳೆಯ ಕಾಗದ, ಅಂಟು ಮತ್ತು ನುಸಿಗುಳಿಗೆ ಸೇರಿದ ವಾಸನೆ ಮೂಗಿಗೆ ಬಡಿಯುತ್ತದೆ. ಮೊದಲ ವಾರ ತಲೆನೋವು ಬರುತ್ತಿತ್ತು. ಆಮೇಲೆ ಆ ವಾಸನೆ ಇಲ್ಲದ ಕಡೆ ನಕ್ಷೆ ಬಿಡಿಸಲು ಮನಸ್ಸೇ ಬರುತ್ತಿರಲಿಲ್ಲ.

ಈ ಕೊಠಡಿಯ ಬೀಗದ ಕೈ ಒಬ್ಬ ಅಟೆಂಡರ್ ಸೊಂಟದಲ್ಲಿರುತ್ತದೆ. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಹತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆಗೆಯುತ್ತಿದ್ದರು, ಸಂಜೆ ಐದೂವರೆಗೆ ಮುಚ್ಚುತ್ತಿದ್ದರು. ನಾವು ಕೆಲಸದಲ್ಲಿದ್ದರೆ ಆರೂವರೆ ಆದರೂ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. "57 ಸಿ/11 ಕೊಡಿ ಅಣ್ಣ" ಎಂದರೆ ಪಟ್ಟಿ ನೋಡದೆ ನೇರ ಡ್ರಾಯರಿಗೆ ಕೈ ಹಾಕುತ್ತಿದ್ದರು. ಪಟ್ಟಿ ಇರಲೂ ಇಲ್ಲ. ಪಟ್ಟಿ ಎಂದರೆ ಅವರ ತಲೆ.

ಟೋಪೋಶೀಟ್ ಎಂದರೆ ನೆಲದ ಏರುತಗ್ಗು, ಊರು, ಕೆರೆ, ದಾರಿ ಎಲ್ಲ ತೋರಿಸುವ ಸರ್ವೇಕ್ಷಣಾ ಇಲಾಖೆಯ ನಕ್ಷೆ ಹಾಳೆ. ಅದರ ಈ ಸಂಖ್ಯೆಗಳು ಹೊಸಬರಿಗೆ ಮಂತ್ರದಂತೆ ಕೇಳಿಸುತ್ತವೆ. ಅವುಗಳ ಗುಟ್ಟು ನನಗೆ ತರಗತಿಯಲ್ಲಿ ತಿಳಿಯಲಿಲ್ಲ, ಆ ಕಪಾಟಿನ ಮುಂದೆ ನಿಂತಾಗ ತಿಳಿಯಿತು. ದೇಶವನ್ನು ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಚೌಕಗಳಾಗಿ ಕತ್ತರಿಸಿ ಸಂಖ್ಯೆ ಕೊಟ್ಟಿದ್ದಾರೆ. ಕರ್ನಾಟಕದ ಬಹುಪಾಲು 48 ಮತ್ತು 57ರಲ್ಲಿ ಬರುತ್ತದೆ. 76 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ 48, ಪೂರ್ವಕ್ಕೆ 57. ಒಂದೊಂದು ಚೌಕದಲ್ಲಿ ಎ ಇಂದ ಪಿ ವರೆಗೆ ಹದಿನಾರು, ಆ ಒಂದೊಂದರಲ್ಲಿ ಮತ್ತೆ ಹದಿನಾರು. ಕೊನೆಯ ಆ ಚಿಕ್ಕ ಚೌಕವೇ 1:50,000 ಪ್ರಮಾಣದ ಹಾಳೆ. ಹದಿನೈದು ಮಿನಿಟು ಅಕ್ಷಾಂಶ, ಹದಿನೈದು ಮಿನಿಟು ರೇಖಾಂಶ. ಅಣ್ಣನ ಕಪಾಟುಗಳೂ ಅದೇ ಕ್ರಮದಲ್ಲಿದ್ದವು. ಎಡಗಡೆಯ ಗೋಡೆ 48, ಬಲಗಡೆಯ ಗೋಡೆ 57. ಬಾಗಿಲಲ್ಲಿ ನಿಂತರೆ ಎಡಗೈಗೆ ಕರಾವಳಿ, ಬಲಗೈಗೆ ಬಯಲುಸೀಮೆ. ಈಗಲೂ ಯಾವುದಾದರೂ ಊರಿನ ಹೆಸರು ಕೇಳಿದರೆ ನನ್ನ ಮನಸ್ಸು ಮೊದಲು ಆ ಕೊಠಡಿಯ ಯಾವ ಮೂಲೆ ಎಂದು ಹುಡುಕುತ್ತದೆ.

ಎಲ್ಲಕ್ಕಿಂತ ಸವೆದ ಹಾಳೆ 57 ಡಿ/11. ಮೈಸೂರು ನಗರ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುವುದರಿಂದ ಪರೀಕ್ಷೆಗೆ ಅದನ್ನೇ ಇಡುತ್ತಾರೆ. ನಮ್ಮಲ್ಲಿದ್ದ ಪ್ರತಿಯ ಮಡಿಕೆಗಳಿಗೆ ಹಿಂಬದಿಯಲ್ಲಿ ಬಟ್ಟೆ ಅಂಟಿಸಿದ್ದರು. ಅಣೆಕಟ್ಟಿನ ಸುತ್ತ ಎಷ್ಟೋ ತಂಡಗಳ ಪೆನ್ಸಿಲ್ ವೃತ್ತಗಳು. ಶ್ರೀರಂಗಪಟ್ಟಣದ ದ್ವೀಪದ ಒಂದು ತುದಿ ಬೆರಳು ಸವೆದು ಮಾಸಿಹೋಗಿತ್ತು.

ನನ್ನ ಹಾಳೆ ಮಾತ್ರ 57 ಸಿ/11. ನಮ್ಮೂರು ಚಿಕ್ಕನಾಯಕನಹಳ್ಳಿ ಸೀಮೆಯದು. ಅಣ್ಣ ಅದನ್ನು ಮೊದಲ ಸಲ ಹರಡಿದಾಗ ಅರ್ಧ ಗಂಟೆ ನಾನು ಪಾಠದ ಕೆಲಸ ಏನನ್ನೂ ಮಾಡಲಿಲ್ಲ. ನಮ್ಮ ಊರು, ಅಜ್ಜಿಯ ಊರು, ನಡುವಿನ ಗಾಡಿಜಾಡು, ಕೆರೆಯ ಏರಿ, ಏರಿಯ ಕೆಳಗಿನ ತೋಟ. ತೆಂಗಿನ ಮರಗಳಿಗೆ ಪುಟ್ಟ ಪುಟ್ಟ ಮರದ ಗುರುತು. ದೇವಸ್ಥಾನಕ್ಕೊಂದು ಗುರುತು, ಬಾವಿಗೊಂದು ಗುರುತು. ಆಮೇಲೆ ಅಣ್ಣ ಏನೂ ಹೇಳದೆ ಇನ್ನೊಂದು ಡ್ರಾಯರ್ ಎಳೆದು ಅದೇ ಹಾಳೆಯ ಹಳೆಯ ಆವೃತ್ತಿ ತಂದರು: ಒಂದು ಮೈಲಿಗೆ ಒಂದು ಇಂಚು ಪ್ರಮಾಣದ್ದು. ಅದರಲ್ಲಿ ಊರು ಕೆರೆಯ ಇನ್ನೊಂದು ಬದಿಗಿತ್ತು. ಪ್ಲೇಗಿನ ಕಾಲಕ್ಕೆ ಊರು ಬಿಟ್ಟು ಈಚೆ ಬಂದೆವು ಎಂದು ಅಜ್ಜಿ ಹೇಳುತ್ತಿದ್ದುದನ್ನು ನಾನು ಕಥೆ ಎಂದುಕೊಂಡಿದ್ದೆ.

ನನ್ನ ಕಿರುಪ್ರಬಂಧದ ವಿಷಯ ಅಂದೇ ಗೊತ್ತಾಯಿತು: ನಮ್ಮ ಹೋಬಳಿಯ ಕೆರೆಗಳು, ಅಂದು ಮತ್ತು ಇಂದು.

ಕೆರೆಯ ವಿಸ್ತೀರ್ಣ ಅಳೆಯಲು ಪ್ಲಾನಿಮೀಟರ್ ಕೊಟ್ಟರು. ಹಿತ್ತಾಳೆಯ ಎರಡು ತೋಳು, ತುದಿಯಲ್ಲೊಂದು ಸೂಜಿ, ನಡುವೆ ಉರುಳುವ ಪುಟ್ಟ ಗಾಲಿ. ಸೂಜಿಯನ್ನು ಕೆರೆಯ ಅಂಚಿನ ಮೇಲೆ ಒಂದು ಸುತ್ತು ಓಡಿಸಿದರೆ ಗಾಲಿ ಎಷ್ಟು ಉರುಳಿತು ಎಂಬುದರಿಂದ ವಿಸ್ತೀರ್ಣ ತಿಳಿಯುತ್ತದೆ. ಓದಿದಾಗ ಸೊಗಸು. ಆದರೆ ನಮ್ಮ ಕೆರೆ ಆ ಹಾಳೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು. ಮೂರು ಸಲ ಓಡಿಸಿದರೆ ಮೂರು ಉತ್ತರ. ಕೊನೆಗೆ ಗ್ರಾಫ್ ಟ್ರೇಸಿಂಗ್ ಕಾಗದ ಹಾಸಿ ಚೌಕ ಎಣಿಸಿದೆ. 1:50,000ರಲ್ಲಿ ಒಂದು ಮಿಲಿಮೀಟರ್ ಚೌಕ ಎಂದರೆ ನೆಲದ ಮೇಲೆ 50 ಮೀಟರ್ ಉದ್ದ, 50 ಮೀಟರ್ ಅಗಲ, ಅಂದರೆ ಕಾಲು ಹೆಕ್ಟೇರ್. ನೂರ ಅರವತ್ತನಾಲ್ಕು ಚೌಕ ಬಂತು, 41 ಹೆಕ್ಟೇರ್. ನಾಲ್ಕು ಗಂಟೆ ಹಿಡಿಯಿತು, ಕತ್ತು ಹಿಡಿಯಿತು. ಪ್ರಮಾಣ ಎಂದರೆ ಏನು ಎಂಬುದು ಮಾತ್ರ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಅದೇ ಕೊಠಡಿಯ ಕಿಟಕಿ ಬಳಿ ಕನ್ನಡಿಯ ಸ್ಟೀರಿಯೋಸ್ಕೋಪ್ ಇದೆ. ನಾನು ಆ ವಿಭಾಗಕ್ಕೆ ಕೊಡುವ ಅಂಕಗಳಲ್ಲಿ ಅರ್ಧ ಇದಕ್ಕೇ. ವಿಮಾನದಿಂದ ಒಂದರ ಹಿಂದೊಂದು ತೆಗೆದ ಎರಡು ಛಾಯಾಚಿತ್ರಗಳಲ್ಲಿ ಸುಮಾರು ಶೇ. 60ರಷ್ಟು ನೆಲ ಎರಡರಲ್ಲೂ ಇರುತ್ತದೆ. ಅವನ್ನು ಪಕ್ಕಪಕ್ಕ ಇಟ್ಟು, ಎಡಗಣ್ಣಿಗೆ ಎಡದ್ದು ಬಲಗಣ್ಣಿಗೆ ಬಲದ್ದು ಕಾಣುವಂತೆ ಮಾಡಿದರೆ ನೆಲ ಉಬ್ಬುತಗ್ಗಾಗಿ ಕಾಣಬೇಕು. ಮೊದಲ ದಿನ ನನಗೆ ಏನೂ ಕಾಣಲಿಲ್ಲ. ಎರಡು ಬೂದು ಚಿತ್ರಗಳು, ಒದ್ದೆಯಾದ ಕಣ್ಣು. ಪಕ್ಕದಲ್ಲಿದ್ದವರೆಲ್ಲ "ಕಂಡಿತು, ಕಂಡಿತು" ಎನ್ನುತ್ತಿದ್ದರು. ಅರ್ಧ ಜನ ಸುಳ್ಳು ಹೇಳುತ್ತಿದ್ದರು ಎಂಬುದು ನನ್ನ ಗುಮಾನಿ. ಅಣ್ಣ ಬಂದು, ಎರಡೂ ಚಿತ್ರದಲ್ಲಿ ಒಂದೇ ಬಂಡೆಯ ಮೇಲೆ ಎರಡು ತೋರುಬೆರಳು ಇಡಲು ಹೇಳಿದರು. ಎರಡು ಬೆರಳು ಒಂದಾಗುವವರೆಗೆ ಬಲದ ಚಿತ್ರವನ್ನು ನಿಧಾನವಾಗಿ ಸರಿಸು ಎಂದರು. ಬೆರಳು ಒಂದಾಯಿತು, ತೆಗೆದೆ. ಗುಡ್ಡ ಎದ್ದು ನಿಂತಿತು. ಕಣಿವೆ ಮೇಜಿನೊಳಕ್ಕೆ ಇಳಿಯಿತು. ನಾನು ಹೆದರಿ ತಲೆ ಹಿಂದಕ್ಕೆ ಎಳೆದುಕೊಂಡೆ. ಈ ನೋಟದಲ್ಲಿ ಎತ್ತರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂದು ಆಮೇಲೆ ಪಾಠದಲ್ಲಿ ಬಂತು. ಆಗಲಿ. ಹೊರಗೆ ನಿಂತು ನೋಡಿದ ಯಾವ ಬೆಟ್ಟವೂ ನನಗೆ ಅಷ್ಟು ಎತ್ತರವಾಗಿ ಕಂಡಿಲ್ಲ.

ಈಗ ಕಂಪ್ಯೂಟರ್ ಕೊಠಡಿ. ಬಾಗಿಲ ಪಕ್ಕದಲ್ಲಿ ಉದ್ಘಾಟನೆಯ ಕಲ್ಲು, ಒಳಗೆ ನೀಲಿ ಪರದೆ, "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂಬ ಫಲಕ. ಇಪ್ಪತ್ತು ಗಣಕಯಂತ್ರಗಳು, ನಾವು ಸೇರಿದಾಗ ಹದಿಮೂರು ನಡೆಯುತ್ತಿದ್ದವು, ಬಿಟ್ಟಾಗ ಹನ್ನೊಂದು. ನಾವು ಇಪ್ಪತ್ತಾರು ಜನ. ಒಂದು ಯಂತ್ರಕ್ಕೆ ಇಬ್ಬರು ಎಂದು ಪಟ್ಟಿಯಲ್ಲಿತ್ತು. ಒಬ್ಬರು ಇಲಿ ಹಿಡಿಯುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಇಲಿ ಹಿಡಿಯುವವರು ಸಾಮಾನ್ಯವಾಗಿ ಹುಡುಗರು. ಇದನ್ನು ಸೇರುವ ಹುಡುಗಿಯರು ಮೊದಲ ದಿನವೇ ಬದಲಿಸಿಕೊಳ್ಳಬೇಕು. ನಾನು ಒಂದು ತಿಂಗಳು ಸುಮ್ಮನಿದ್ದು ಆ ತಿಂಗಳನ್ನು ಕಳೆದುಕೊಂಡೆ.

ಬೆಲೆಬಾಳುವ ತಂತ್ರಾಂಶ ಇತ್ತು. ಅದು ತೆರೆಯಬೇಕಾದರೆ ಡಾಂಗಲ್ ಎಂಬ ಬೆರಳುದ್ದದ ಕಡ್ಡಿಯನ್ನು ಯಂತ್ರಕ್ಕೆ ಚುಚ್ಚಬೇಕು. ಕಡ್ಡಿ ಒಂದೇ ಒಂದು, ಅದು ಅಧ್ಯಕ್ಷರ ಕೊಠಡಿಯ ಬೀರುವಿನಲ್ಲಿ. ಅಧ್ಯಕ್ಷರು ಸಭೆಗೆ ಹೋದರೆ ಉಪಗ್ರಹ ಚಿತ್ರಗಳ ವಿಶ್ಲೇಷಣೆಯೂ ಸಭೆಗೆ ಹೋದಂತೆ. ಎರಡು ವರ್ಷದಲ್ಲಿ ನಾನು ಆ ತಂತ್ರಾಂಶವನ್ನು ಕೈಯಾರೆ ನಡೆಸಿದ್ದು ನಾಲ್ಕು ಮಧ್ಯಾಹ್ನ. ನಮ್ಮನ್ನು ಉಳಿಸಿದ್ದು ಕ್ಯೂಜಿಐಎಸ್ ಎಂಬ ಇನ್ನೊಂದು ನಕ್ಷೆ ತಂತ್ರಾಂಶ. ಅದಕ್ಕೆ ಹಣ ಕೊಡಬೇಕಿಲ್ಲ, ಕಡ್ಡಿ ಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ. ಹಿರಿಯ ವಿದ್ಯಾರ್ಥಿಗಳು ಪೆನ್‌ಡ್ರೈವಿನಲ್ಲಿ ತಂದು ಎಲ್ಲ ಯಂತ್ರಗಳಿಗೂ ಹಾಕಿಕೊಟ್ಟಿದ್ದರು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಚಿತ್ರಗಳಲ್ಲಿ ಹತ್ತು ಮೀಟರಿನ ವಿವರ ಸಿಗುತ್ತದೆ, ಅವೂ ಉಚಿತ. ಸಮಸ್ಯೆ ಚಿತ್ರಗಳದ್ದಲ್ಲ, ಅವನ್ನು ಇಳಿಸಿಕೊಳ್ಳುವ ಅಂತರ್ಜಾಲದ್ದು. ಕೊಠಡಿಯ ಸಂಪರ್ಕ ಮಧ್ಯಾಹ್ನ ಮೂರಕ್ಕೆ ಸುಸ್ತಾಗುತ್ತಿತ್ತು. ನಾವು ಮೊಬೈಲಿನಲ್ಲಿ ರಾತ್ರಿ ಇಳಿಸಿ ಬೆಳಿಗ್ಗೆ ತರುತ್ತಿದ್ದೆವು.

ಯುಪಿಎಸ್ ಬ್ಯಾಟರಿಗಳು ಸತ್ತು ಎಷ್ಟು ಕಾಲವಾಗಿತ್ತೋ. ವಿದ್ಯುತ್ ಹೋದರೆ ಹನ್ನೊಂದು ಪರದೆಗಳೂ ಒಟ್ಟಿಗೆ ಕಪ್ಪಾಗುತ್ತಿದ್ದವು, ಇಪ್ಪತ್ತಾರು ಜನ ಒಟ್ಟಿಗೆ "ಅಯ್ಯೋ" ಎನ್ನುತ್ತಿದ್ದೆವು. ಒಮ್ಮೆ ಇಡೀ ಹೋಬಳಿಯ ಕೆರೆಗಳ ಅಂಚು ಬಿಡಿಸಿ ಮುಗಿಸುವ ಹೊತ್ತಿಗೆ ಹೀಗಾಯಿತು. ಮೂವತ್ತೊಂದು ಕೆರೆಗಳು ಒಂದೇ ಕ್ಷಣದಲ್ಲಿ ಬತ್ತಿಹೋದವು. ಅಂದಿನಿಂದ ಪ್ರತಿ ಕೆರೆಗೂ ಒಮ್ಮೆ ಉಳಿಸುವ ಗುಂಡಿ ಒತ್ತುವುದು ನನ್ನ ಬೆರಳಿಗೆ ಅಭ್ಯಾಸವಾಗಿದೆ. ಈಗ ಅಂಗಡಿಗೆ ಸಾಮಾನಿನ ಪಟ್ಟಿ ಬರೆಯುವಾಗಲೂ ಒತ್ತುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ, ನನ್ನ ಅತ್ಯಂತ ಒಳ್ಳೆಯ ಪಾಠಗಳಲ್ಲಿ ಒಂದು ಈ ಕೊಠಡಿಯಲ್ಲೇ ಆಯಿತು. ಹಳೆಯ ಟೋಪೋಶೀಟನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಸರಿಯಾಗಿಯೇ ಕೊಟ್ಟಿದ್ದೆ. ಆದರೂ ನಮ್ಮ ಕೆರೆ ಏರಿ ತನ್ನ ಜಾಗ ಬಿಟ್ಟು ಯಾರದೋ ತೋಟದಲ್ಲಿ ಹೋಗಿ ಕುಳಿತಿತ್ತು, ಹತ್ತಿರ ಹತ್ತಿರ ಇನ್ನೂರು ಮೀಟರ್ ಆಚೆಗೆ. ಎರಡು ದಿನ ತಪ್ಪು ಹುಡುಕಿದೆ. ಒಬ್ಬ ಅತಿಥಿ ಉಪನ್ಯಾಸಕರು ಬಂದು ನೋಡಿ ನಕ್ಕರು: "ನಿಮ್ಮ ಲೆಕ್ಕ ಸರಿ ಇದೆ. ಭೂಮಿಯೇ ಬೇರೆ." ಹಳೆಯ ಹಾಳೆಗಳಿಗೆ ಆಧಾರ 1830ರಲ್ಲಿ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರ. ಉಪಗ್ರಹಗಳು ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಬೇರೊಂದು ಆಕಾರ. ಅದೇ ಅಕ್ಷಾಂಶ, ಅದೇ ರೇಖಾಂಶ ಬರೆದರೂ ಎರಡರಲ್ಲಿ ಅವು ಬೇರೆ ಬೇರೆ ನೆಲದ ಮೇಲೆ ಬೀಳುತ್ತವೆ. ಎವರೆಸ್ಟ್ ಎಂದರೆ ಶಿಖರ ಎಂದಷ್ಟೇ ಗೊತ್ತಿದ್ದ ನನಗೆ, ಆ ಮನುಷ್ಯ ನಮ್ಮೂರ ಕೆರೆಯನ್ನು ತೋಟಕ್ಕೆ ಹಾಕಬಲ್ಲ ಎಂದು ಗೊತ್ತಾದದ್ದು ಅಂದು. 2005ರ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ಹೊಸ ಮಾಲಿಕೆಯ ಹಾಳೆಗಳು ಡಬ್ಲ್ಯೂಜಿಎಸ್ 84ರಲ್ಲೇ ಇವೆ. ಅವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ಈ ತಲೆನೋವು ಇಲ್ಲ. ಹಳೆಯದರ ಜೊತೆ ಹೊಸದನ್ನು ಹೋಲಿಸುವವರಿಗೆ ಮಾತ್ರ ತಪ್ಪಿದ್ದಲ್ಲ.

ಸರಿಪಡಿಸಿ ಅಳೆದಾಗ ಇಂದಿನ ನಮ್ಮ ಕೆರೆಯಂಗಳ 36 ಹೆಕ್ಟೇರ್ ಬಂತು. ಐದು ಹೆಕ್ಟೇರ್ ಎಲ್ಲಿ ಹೋಯಿತು ಎಂದು ಊರಿನಲ್ಲಿ ಕೇಳಿದರೆ ಯಾರೂ ಉತ್ತರಿಸಲಿಲ್ಲ. ಒಬ್ಬ ದೊಡ್ಡಪ್ಪ ಮಾತ್ರ, "ನಿಮ್ಮ ಯಂತ್ರ ಸರಿಯಿಲ್ಲ" ಎಂದರು. ಅವರ ತೋಟ ಅಂಗಳಕ್ಕೆ ಹೊಂದಿಕೊಂಡೇ ಇದೆ.

ಮೋಜಣಿ ಉಪಕರಣಗಳ ಬೀರು ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಎಂಬ ದುಬಾರಿ ಯಂತ್ರ ಹಳದಿ ಪೆಟ್ಟಿಗೆಯಲ್ಲಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದ ದಿನ ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಇಬ್ಬರನ್ನು ನಿಲ್ಲಿಸಿದ್ದರು. ಆ ಇಬ್ಬರಲ್ಲಿ ನಾನೂ ಒಬ್ಬಳು. ಕಣ್ಣಿಟ್ಟು ನೋಡುವಂತೆ ನಟಿಸಬೇಕು ಎಂದು ಹೇಳಿದ್ದರು, ಮಸೂರದ ಮುಚ್ಚಳ ತೆಗೆಯಲು ಹೇಳಿರಲಿಲ್ಲ. ಸಂಜೆ ಅದು ಮತ್ತೆ ಪೆಟ್ಟಿಗೆ ಸೇರಿತು. ಕೈಯಲ್ಲಿ ಹಿಡಿಯುವ ಜಿಪಿಎಸ್ ಮೂರಿದ್ದವು, ಒಂದರ ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಹಿಡಿದಿತ್ತು.

ಆದರೆ ಪ್ಲೇನ್ ಟೇಬಲ್ ಇತ್ತು, ಅದನ್ನು ಹೊರಗೆ ಒಯ್ಯಲು ಬಿಡುತ್ತಿದ್ದರು. ಮೂರು ಕಾಲಿನ ಮೇಲೊಂದು ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ಅಲಿಡೇಡ್ ಎಂಬ ನೋಟದ ಪಟ್ಟಿ. ಅಷ್ಟೇ. ಬೆಳಿಗ್ಗೆ ಏಳಕ್ಕೆ ವಿದ್ಯಾರ್ಥಿನಿಲಯದ ಹಿಂದಿನ ಬಯಲಿಗೆ ಹೋಗಿ, ನೀರಿನ ಟ್ಯಾಂಕ್, ಅರಳಿಮರ, ಮೊಬೈಲ್ ಗೋಪುರ ಮೂರನ್ನು ನೋಡಿ ನಾವು ನಿಂತ ಜಾಗ ಕಾಗದದ ಮೇಲೆ ಎಲ್ಲಿದೆ ಎಂದು ಹುಡುಕುವುದು ಆಟ. ಮೂರು ಗೆರೆಗಳು ಒಂದೇ ಚುಕ್ಕಿಯಲ್ಲಿ ಕೂಡಬೇಕು. ಕೂಡುವುದಿಲ್ಲ, ಪುಟ್ಟ ತ್ರಿಕೋನವೊಂದು ಹುಟ್ಟುತ್ತದೆ. ಅದರ ಹೆಸರೇ ತಪ್ಪಿನ ತ್ರಿಕೋನ. ಹಲಗೆಯನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಆ ತ್ರಿಕೋನವನ್ನು ಕೊಲ್ಲಬೇಕು. ಮೇಯಲು ಬಂದ ಆಡೊಂದು ಮೂರನೆಯ ದಿನ ನಮ್ಮ ಕಾಗದದ ಮೂಲೆ ತಿಂದಿತು. ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದ 1799ರ ಬೆನ್ನಲ್ಲೇ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಈ ಸೀಮೆಯಲ್ಲಿ ಅಳತೆ ಆರಂಭಿಸಿ, 1802ರಲ್ಲಿ ಮದ್ರಾಸಿನ ಬಳಿ ಮಹಾ ತ್ರಿಕೋನಮಿತಿ ಮೋಜಣಿಯ ಆಧಾರ ರೇಖೆ ಎಳೆದ ಎಂದು ಪುಸ್ತಕದಲ್ಲಿ ಓದಿ ಉರುಹೊಡೆದಿದ್ದೆ. ಹಲಗೆಯ ಮುಂದೆ ಬೆವರಿದ ಮೇಲೆ, ಇವನ ಆಡುಗಳು ಏನೇನು ತಿಂದಿರಬಹುದು ಎಂದು ಯೋಚಿಸುವಂತಾಯಿತು.

ತಾರಸಿಯ ಹವಾಮಾನ ಕೇಂದ್ರ ನಗೆಪಾಟಲು. ಹಗುರವಾಗಿ ಹೇಳುತ್ತಿಲ್ಲ. ಉಷ್ಣಮಾಪಕಗಳನ್ನು ಇಡುವ ಜಾಲರಿ ಪೆಟ್ಟಿಗೆಗೆ ಸ್ಟೀವನ್ಸನ್ ಪೆಟ್ಟಿಗೆ ಎನ್ನುತ್ತಾರೆ. ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಥಾಮಸ್ ಸ್ಟೀವನ್ಸನ್ ಎಂಬ ಎಂಜಿನಿಯರ್ ಮಾಡಿದ್ದು. ನಮ್ಮ ಗೋಳಾರ್ಧದಲ್ಲಿ ಅದರ ಬಾಗಿಲು ಉತ್ತರಕ್ಕಿರಬೇಕು, ತೆರೆದಾಗ ಬಿಸಿಲು ಬೀಳಬಾರದೆಂದು. ನಮ್ಮದು ಪಶ್ಚಿಮಕ್ಕೆ ಬಾಯಿ ತೆರೆದಿತ್ತು. ಒಳಗೆ ಪಾರಿವಾಳ ಸಂಸಾರ ಹೂಡಿತ್ತು. ಮಳೆಮಾಪಕದ ಪಕ್ಕದಲ್ಲೇ ನೀರಿನ ಟ್ಯಾಂಕಿನ ಗೋಡೆ. ಯಾವುದೇ ಅಡ್ಡಿಯ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಳೆಮಾಪಕ ಇರಬೇಕು ಎಂದು ನಾವು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಪರೀಕ್ಷೆ ಬರೆದೆವು. ದೇಶದಾದ್ಯಂತ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ತಾರಸಿಯ ಬೀಗದ ಕೈ ಬರುತ್ತಿದ್ದುದು ಹತ್ತಕ್ಕೆ. ಆದರೂ ದಾಖಲೆ ಪುಸ್ತಕದಲ್ಲಿ ಪ್ರತಿದಿನದ ಎಂಟೂವರೆಯ ಮಳೆ ಅಚ್ಚುಕಟ್ಟಾಗಿತ್ತು, ಭಾನುವಾರಗಳದ್ದೂ ಸೇರಿ, ದೀಪಾವಳಿಯದ್ದೂ ಸೇರಿ. ಅದನ್ನು ತುಂಬಿದವರಲ್ಲಿ ನನ್ನ ಅಕ್ಷರವೂ ಇದೆ. ಇಂಟರ್ನಲ್ ಅಂಕ ಹೋಗುತ್ತದೆ ಎಂದು ಹೆದರಿ ಪಕ್ಕದ ಪುಟ ನೋಡಿ ಬರೆದೆ. ಆ ದಾಖಲೆಯನ್ನು ನಂಬಿ ಯಾರೂ ಸಂಶೋಧನೆ ಮಾಡದಿರಲಿ.

ಶಿಲೆಗಳ ಕಪಾಟು ಎರಡು ವರ್ಷದಲ್ಲಿ ಮೂರು ಸಲ ತೆರೆಯಿತು. ಗಾಜಿನ ಹೊರಗಿನಿಂದ ನೋಡಬಹುದು, ಮುಟ್ಟಬಾರದು. ಕಲ್ಲನ್ನು ಮುಟ್ಟದೆ, ಗೀರದೆ, ತೂಗಿ ನೋಡದೆ ಕಲಿಯುವುದು ಹೇಗೆ ಎಂದು ಕೇಳಿದರೆ, ಹಿಂದೊಮ್ಮೆ ಯಾರೋ ಒಂದು ಅಭ್ರಕದ ತುಂಡು ಕದ್ದರು ಎಂಬ ಉತ್ತರ. ಮೂರನೆಯ ಸಲ ತೆರೆದಾಗ ಹಿಂದಿನ ಸಾಲಿನಲ್ಲಿ ಕಪ್ಪಗಿನ ಒಂದು ಕಲ್ಲು ಕಂಡಿತು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಹಳದಿ ಚೀಟಿಯಲ್ಲಿ ಮಸಿಯ ಅಕ್ಷರ: ಮ್ಯಾಂಗನೀಸ್ ಅದಿರು, ಚಿಕ್ಕನಾಯಕನಹಳ್ಳಿ. ಚಿಕ್ಕವಳಿದ್ದಾಗ ಅಂಥ ಕಲ್ಲನ್ನು ನಾವು ಕುಂಟೆಬಿಲ್ಲೆ ಆಡಲು ಬಳಸುತ್ತಿದ್ದೆವು. ಕದಿಯಬೇಕು ಎನಿಸಿತು. ಕದಿಯಲಿಲ್ಲ, ಊರಿಗೆ ಹೋದಾಗ ಒಂದು ಚೀಲ ತಂದು ಕಿರಿಯರಿಗೆ ಹಂಚಿದೆ. ಕ್ಷೇತ್ರ ಪ್ರವಾಸದಲ್ಲಿ ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ಕರೆದೊಯ್ದಿದ್ದರು. ನೀರಿನೊಳಗೆ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಎರಡು ವರ್ಷದ ಗಾಜಿನ ಕಪಾಟಿಗಿಂತ ಆ ಒಂದು ಮಧ್ಯಾಹ್ನ ವಾಸಿ.

ಓದಿನ ಸೌಲಭ್ಯಕ್ಕೆ ಬಂದರೆ, ವಿಭಾಗದ ಪುಸ್ತಕ ಭಂಡಾರ ವಾರಕ್ಕೆ ಎರಡು ದಿನ, ಎರಡು ಗಂಟೆ. ಪುಸ್ತಕಗಳು ಬಹುತೇಕ ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಸಮೋನ್ನತಿ ರೇಖೆ, ಸಮಭಾರ ರೇಖೆ, ಸಮವೃಷ್ಟಿ ರೇಖೆ ಎಂದು ಕಲಿತು ಬಂದವರಿಗೆ ಮೊದಲ ಸೆಮಿಸ್ಟರ್ ಪರದೇಶ. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡೆ. ಅದರ ನೆರಳಚ್ಚು ಈಗ ನಾಲ್ಕನೆಯ ತಂಡದ ಕೈಯಲ್ಲಿದೆ ಎಂದು ಕೇಳಿದ್ದೇನೆ. ಕೇಂದ್ರ ಗ್ರಂಥಾಲಯದ ಓದುವ ಕೋಣೆ ಒಳ್ಳೆಯದು, ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹುಡುಗಿಯರ ವಿದ್ಯಾರ್ಥಿನಿಲಯದ ಗೇಟು ಏಳೂವರೆಗೆ ಮುಚ್ಚುತ್ತದೆ. ಈ ಎರಡು ವೇಳಾಪಟ್ಟಿಗಳನ್ನು ಮಾಡಿದವರು ಒಬ್ಬರನ್ನೊಬ್ಬರು ಯಾವತ್ತಾದರೂ ಭೇಟಿಯಾಗಿದ್ದಾರೆಯೇ ಎಂಬುದು ನನ್ನ ಹಳೆಯ ಕುತೂಹಲ. ನೆಟ್, ಕೆ-ಸೆಟ್ ಎಂಬ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಿಗೆ ಓದುವವರು ಬೆಳಿಗ್ಗೆ ಎಂಟಕ್ಕೇ ಕುರ್ಚಿಗಳ ಮೇಲೆ ಚೀಲ ಇಟ್ಟು ಹೋಗಿರುತ್ತಾರೆ. ಜಗಳಕ್ಕೆ ಸಿದ್ಧರಾಗಿ ಹೋಗಿ.

ಆದರೆ ಆ ಪುಸ್ತಕ ಭಂಡಾರದ ಕೆಳಗಿನ ಎರಡು ಅರೆಗಳನ್ನು ಬಿಡಬೇಡಿ. ಅಲ್ಲಿ ಹಳೆಯ ವಿದ್ಯಾರ್ಥಿಗಳ ಕಿರುಪ್ರಬಂಧಗಳಿವೆ. ಬೆರಳಚ್ಚಿನ ಪುಟಗಳು, ನಡುನಡುವೆ ಕೈಯಲ್ಲಿ ಬಿಡಿಸಿ ಬಣ್ಣ ತುಂಬಿದ ನಕ್ಷೆಗಳು. ಹೊಲ ಹೊಲಕ್ಕೂ ಹೋಗಿ ಯಾವ ಬೆಳೆ ಎಂದು ಗುರುತು ಹಾಕಿದ ಹಳ್ಳಿಗಳ ಭೂಬಳಕೆ ನಕ್ಷೆಗಳವು. ಉಪಗ್ರಹ ಅಷ್ಟು ಹಿಂದಕ್ಕೆ ಹೋಗಿ ರಾಗಿಯನ್ನೂ ಹುರುಳಿಯನ್ನೂ ಬೇರ್ಪಡಿಸಿ ಹೇಳಲಾರದು. ಅವುಗಳಲ್ಲಿ ಕೆಲವಕ್ಕೆ ಗೆದ್ದಲು ಹಿಡಿದಿದೆ. ನಾನು ಇದ್ದಾಗ ದೂರು ಕೊಟ್ಟೆವು. ಅರೆಯ ಕಾಲುಗಳಿಗೆ ಸೀಮೆಎಣ್ಣೆಯ ಬಟ್ಟಲು ಇಟ್ಟರು. ಅಷ್ಟು ಆಯಿತು.

ಸಣ್ಣ ವಿಷಯಗಳು. ಕುಡಿಯುವ ನೀರು ನೆಲಮಹಡಿಯಲ್ಲಿ, ಹುಡುಗಿಯರ ಶೌಚಾಲಯವೂ ಅಲ್ಲೇ. ವಿಭಾಗ ಎರಡನೆಯ ಮಹಡಿ. ಡ್ರಾಯಿಂಗ್ ಕಾಗದ, ಟ್ರೇಸಿಂಗ್ ಕಾಗದ, ಪೆನ್ನು ಎಲ್ಲ ನಮ್ಮದೇ ಖರ್ಚು. ಪ್ರಾಕ್ಟಿಕಲ್ ರೆಕಾರ್ಡಿಗೆ ಗೇಟಿನ ಎದುರಿನ ಅಂಗಡಿಯವರು ಸೇರಿಸಿ ಹೇಳುತ್ತಾರೆ, ಪೇಟೆಯಲ್ಲಿ ಕೊಳ್ಳಿ. ಗಾಜಿನ ಮೇಜಿಗೆ ಬರುವಾಗ ದಪ್ಪ ಬಳೆ ಹಾಕಿಕೊಂಡು ಬರಬೇಡಿ, ಅಣ್ಣ ಬೈಯುತ್ತಾರೆ.

ಹಾಗಾದರೆ ಸೇರಬಹುದೇ ಎಂದು ಕೇಳಿದವರಿಗೆ ನಾನು ಹೇಳುವುದು: ಸೇರಿ, ಆದರೆ ಪ್ರವೇಶಕ್ಕೆ ಮೊದಲು ಒಂದು ಕೆಲಸದ ದಿನ ಹೋಗಿ ನೋಡಿ ಬನ್ನಿ. ಎಷ್ಟು ಗಣಕಯಂತ್ರಗಳಿವೆ ಎಂದು ಕೇಳಬೇಡಿ, ಇಪ್ಪತ್ತು ಎನ್ನುತ್ತಾರೆ. ಪ್ರತಿ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ, ಅವರು ರಜೆ ಹಾಕಿದರೆ ಯಾರ ಬಳಿ ಇರುತ್ತದೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ವಿಭಾಗಕ್ಕೆ ಕಣ್ಣುಮುಚ್ಚಿ ಸೇರಬಹುದು. ನನ್ನ ವಿಭಾಗದಲ್ಲಿ ಆ ಉತ್ತರ ಇದ್ದದ್ದು ಒಂದೇ ಬಾಗಿಲಿಗೆ: ಅಣ್ಣ ರಜೆ ಹಾಕುತ್ತಲೇ ಇರಲಿಲ್ಲ.

ಕಳೆದ ಜೂನಿನಲ್ಲಿ ನನ್ನ ಆರು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನನ್ನ ಕಾಲೇಜಿನಲ್ಲಿ ಭೂಗೋಳ ಪ್ರಯೋಗಾಲಯ ಎಂದರೆ ಒಂದು ಗೋಳ, ಎರಡು ಗೋಡೆ ನಕ್ಷೆ. ಮಕ್ಕಳಿಗೆ ಸ್ಟೀರಿಯೋಸ್ಕೋಪ್ ತೋರಿಸಬೇಕಿತ್ತು. ಐದು ಜನರಿಗೆ ಗುಡ್ಡ ಎದ್ದಿತು. ಆರನೆಯವನು ಎದ್ದಿತು ಎಂದು ಸುಳ್ಳು ಹೇಳಿದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನನ್ನು ಮತ್ತೆ ಕೂರಿಸಿ ಬೆರಳು ಇಡಿಸಿದೆ.

ಅಣ್ಣ ಬರುವ ಮಾರ್ಚಿಗೆ ನಿವೃತ್ತರಾಗುತ್ತಾರಂತೆ. ಯಾವ ಹಾಳೆ ಯಾವ ಡ್ರಾಯರಿನಲ್ಲಿದೆ ಎಂಬ ಪಟ್ಟಿಯನ್ನು ಯಾರೂ ಕೇಳಿಲ್ಲ ಎಂದರು. ನಾವು ಎರಡು ದಿನ ಉಳಿದು ಬರೆದೆವು. ಅವರು ಡ್ರಾಯರ್ ಎಳೆದು ಹೇಳುತ್ತಿದ್ದರು, ಮಕ್ಕಳು ಬರೆಯುತ್ತಿದ್ದರು, ಹರಿದವನ್ನು ನಾನು ಬೇರೆ ಇಡುತ್ತಿದ್ದೆ. ಬಲಗಡೆಯ ಗೋಡೆ ಮುಗಿಯಿತು. ಎಡಗಡೆ, 48ರ ಸಾಲಿನಲ್ಲಿ ಏಳು ಡ್ರಾಯರುಗಳು ಬಾಕಿ ಇವೆ. ದಸರಾ ರಜೆಯಲ್ಲಿ ಹೋಗಬೇಕು. ಬಿಡುವಿದ್ದವರು ಬರಬಹುದು. ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ತನ್ನಿ.